ಸರಕಿನ ಹೆಸರು ಮತ್ತು ಶ್ರಾವಕನ ವ್ರತ

ಗಾಣದಲ್ಲಿ ಬೀಜವನ್ನು ಅರೆದು ಎಣ್ಣೆಯನ್ನು ತೆಗೆದ ಬಳಿಕ ಹಿಂಡಿ ಉಳಿಯುತ್ತದೆ. ಭತ್ತವನ್ನು ಅಕ್ಕಿ ಮಾಡಿದ ಬಳಿಕ ಹೊಟ್ಟು ಮತ್ತು ತೌಡು ಉಳಿಯುತ್ತವೆ. ಕೊಬ್ಬರಿಯನ್ನು ಬಿಡಿಸಿದ ಬಳಿಕ ಕರಟ ಉಳಿಯುತ್ತದೆ. ಹೆಚ್ಚು ಗಾಳಿಯಾಡದಂತೆ ಸುಟ್ಟಾಗ ಅದೇ ಇದ್ದಿಲಾಗುತ್ತದೆ. ವ್ಯಾಪಾರಿಗಳು ಇವನ್ನು ಉಪೋತ್ಪನ್ನಗಳೆಂದು ಕರೆಯುತ್ತಾರೆ. ಇವು ಕಸವಲ್ಲ. ಹಿಂಡಿ ದನಕರುಗಳ ಆಹಾರ. ತೌಡಿನಿಂದ ಮತ್ತೆ ಎಣ್ಣೆ ಬರುತ್ತದೆ. ಕರಟದ ಇದ್ದಿಲಿನಿಂದ ತಯಾರಾಗುವ ಸಕ್ರಿಯ ಇಂಗಾಲವು ಅನೇಕ ಊರುಗಳ ಕುಡಿಯುವ ನೀರನ್ನು ಶೋಧಿಸುತ್ತದೆ. ಆದುದರಿಂದಲೇ ಇವು ಮೂಟೆಗಳಾಗಿ, ಕಂಟೇನರುಗಳಾಗಿ ಸಮುದ್ರವನ್ನು ದಾಟುತ್ತವೆ. ಹಾಗೆ ದಾಟುವ ಪ್ರತಿಯೊಂದು ಸರಕಿಗೂ ಎರಡು ವಸ್ತುಗಳು ಬೇಕು: ಕಾಗದದ ಮೇಲೆ ಒಂದು ಹೆಸರು, ಮೈಮೇಲೆ ಒಂದು ಹೊದಿಕೆ. ಈ ಹೆಸರಿಗೂ ಈ ಹೊದಿಕೆಗೂ ಧರ್ಮದೊಡನೆ ಇರುವ ಸಂಬಂಧವೇನು ಎಂಬುದೇ ಇಲ್ಲಿಯ ವಿಚಾರ.

ಒಬ್ಬ ಶ್ರಾವಕ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಬಹುದು. ಆತನು ಪ್ರಾತಃಕಾಲದಲ್ಲಿ ಜಿನದರ್ಶನ ಮಾಡುತ್ತಾನೆ; ನೀರನ್ನು ಸೋಸಿ ಕುಡಿಯುತ್ತಾನೆ; ಸೂರ್ಯಾಸ್ತದ ನಂತರ ಊಟ ಮಾಡುವುದಿಲ್ಲ. ಮಧ್ಯಾಹ್ನ ಆತನ ಮೇಜಿಗೆ ಒಂದು ನಮೂನೆ ಬರುತ್ತದೆ. ಅದರಲ್ಲಿ ಸರಕಿನ ಹೆಸರು, ವರ್ಗ, ತೂಕ ಎಂಬ ಮೂರು ಖಾಲಿ ಸ್ಥಳಗಳಿರುತ್ತವೆ. ನಿಜವಾದ ಹೆಸರನ್ನು ಬರೆದರೆ ಸರಕು ಅಪಾಯಕಾರಿ ವರ್ಗಕ್ಕೆ ಸೇರುತ್ತದೆ, ಬಾಡಿಗೆ ಏರುತ್ತದೆ, ಕೆಲವು ಹಡಗುಗಳು ಅದನ್ನು ಒಯ್ಯಲು ಒಪ್ಪುವುದೇ ಇಲ್ಲ. ಸ್ವಲ್ಪ ಮಸುಕಾದ ಇನ್ನೊಂದು ಹೆಸರನ್ನು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ಆ ಹೆಸರು ಪೂರ್ಣ ಸುಳ್ಳೂ ಅಲ್ಲ. ಇದ್ದಿಲು ತೆಂಗಿನಿಂದಲೇ ಬಂದುದಲ್ಲವೇ? ಹಾಗಾದರೆ ತೆಂಗಿನ ಉತ್ಪನ್ನವೆಂದು ಬರೆಯುವುದರಲ್ಲಿ ದೋಷವೇನು? ಲೇಖನಿಯು ಕಾಗದವನ್ನು ಮುಟ್ಟುವ ಆ ಕ್ಷಣದಲ್ಲಿ ಬೆಳಗಿನ ಜಿನದರ್ಶನವು ಅವನ ಜೊತೆಯಲ್ಲಿದೆಯೋ ಇಲ್ಲವೋ ಎಂಬುದು ನಿಶ್ಚಯವಾಗುತ್ತದೆ.

ಈ ಪ್ರಶ್ನೆಯನ್ನು ತೂಗಬೇಕಾದರೆ ಪದಾರ್ಥಗಳ ಸ್ವಭಾವವನ್ನು ಮೊದಲು ತಿಳಿಯಬೇಕು. ವಸ್ತುವಿನ ಸ್ವಭಾವವೇ ಧರ್ಮವೆಂದು ಜೈನದರ್ಶನವು ಹೇಳುತ್ತದೆ. ಹಿಂಡಿಯಲ್ಲಿ ಸ್ವಲ್ಪ ಎಣ್ಣೆ ಉಳಿದೇ ಇರುತ್ತದೆ. ಆ ಎಣ್ಣೆಯು ಗಾಳಿಯಲ್ಲಿರುವ ಆಮ್ಲಜನಕದೊಡನೆ ಮೆಲ್ಲಗೆ ಕೂಡುತ್ತಾ ಶಾಖವನ್ನು ಹೊಮ್ಮಿಸುತ್ತದೆ. ತೇವವಿದ್ದರೆ ಸೂಕ್ಷ್ಮಜೀವಿಗಳು ಬೆಳೆದು ಆ ಶಾಖವನ್ನು ಹೆಚ್ಚಿಸುತ್ತವೆ. ಒಂದು ಬುಟ್ಟಿಯಷ್ಟು ಹಿಂಡಿಯಾದರೆ ಶಾಖವು ಹೊರಗೆ ಹೋಗುತ್ತದೆ. ಸಾವಿರಾರು ಮೂಟೆಗಳ ರಾಶಿಯ ನಡುವೆ ಅದಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ದಿನಗಳು ಕಳೆದಂತೆ ರಾಶಿಯ ಗರ್ಭದಲ್ಲಿ ಬಿಸಿ ಏರುತ್ತದೆ. ಕೊನೆಗೆ ಯಾರೂ ಕಡ್ಡಿ ಗೀರದೆಯೇ ಹೊಗೆ ಏಳುತ್ತದೆ. ದ್ರಾವಕದಿಂದ ಎಣ್ಣೆ ತೆಗೆದ ಹಿಂಡಿಯಾದರೆ ಉಳಿದ ದ್ರಾವಕದ ಆವಿಯೇ ಬೆಂಕಿಗೆ ಕಾರಣವಾಗಬಹುದು. ಇದ್ದಿಲಿನ ಸ್ವಭಾವವೂ ಇದಕ್ಕೆ ಸಮೀಪದ್ದು: ಹೊಸದಾಗಿ ಸುಟ್ಟ ಇದ್ದಿಲು ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತಾ ತಾನೇ ಬಿಸಿಯಾಗುತ್ತದೆ.

ಆದುದರಿಂದ ಸಮುದ್ರಸಾಗಣೆಯ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಇವುಗಳಿಗೆ 4.2 ಎಂಬ ವರ್ಗವಿದೆ. ತಾವಾಗಿಯೇ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ವರ್ಗ ಅದು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಎಣ್ಣೆಬೀಜದ ಹಿಂಡಿಗೆ ಎರಡು ಸಂಖ್ಯೆಗಳಿವೆ. ಎಣ್ಣೆಯ ಅಂಶ ನೂರಕ್ಕೆ 1.5ನ್ನು ಮೀರದೆ, ತೇವಾಂಶ ನೂರಕ್ಕೆ 11ನ್ನು ಮೀರದೆ ಇರುವ ಹಿಂಡಿಗೆ 2217. ಎಣ್ಣೆಯ ಅಂಶ ಅದಕ್ಕಿಂತ ಹೆಚ್ಚಾಗಿರುವ ಹಿಂಡಿಗೆ 1386. ಸಸ್ಯಮೂಲದ ಇದ್ದಿಲಿಗೆ 1361. ದ್ರಾವಕದಿಂದ ಎಣ್ಣೆ ತೆಗೆದ ಸೋಯಾ, ಹತ್ತಿಬೀಜ, ಸೂರ್ಯಕಾಂತಿ ಮೊದಲಾದವುಗಳ ಹಿಂಡಿಯಲ್ಲಿ ಎಣ್ಣೆ ನೂರಕ್ಕೆ 4ನ್ನು, ಎಣ್ಣೆ ಮತ್ತು ತೇವ ಕೂಡಿ 15ನ್ನು ಮೀರದಿದ್ದರೆ, ದ್ರಾವಕವೂ ಉಳಿಯದಿದ್ದರೆ, ಪ್ರಮಾಣಪತ್ರದ ಆಧಾರದ ಮೇಲೆ ಈ ವರ್ಗದಿಂದ ವಿನಾಯಿತಿ ದೊರೆಯುತ್ತದೆ. ಒಂದೇ ಗಿರಣಿಯ ಒಂದೇ ಹಿಂಡಿ ಒಂದು ವಾರ ಒಂದು ವರ್ಗಕ್ಕೂ, ಮಳೆಗಾಲದ ಇನ್ನೊಂದು ವಾರ ಬೇರೊಂದು ವರ್ಗಕ್ಕೂ ಸೇರಬಹುದು. ಹೆಸರು ವಸ್ತುವಿನ ಅಂದಿನ ಸ್ಥಿತಿಯನ್ನು ಅನುಸರಿಸುತ್ತದೆ.

ಜೈನ ಗೃಹಿಣಿಗೆ ಇದು ಹೊಸ ಮಾತಲ್ಲ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬುದನ್ನು ಆಕೆ ಅತ್ತೆಯಿಂದಲೋ ತಾಯಿಯಿಂದಲೋ ಕಲಿತಿದ್ದಾಳೆ. ಡಬ್ಬಿಯಲ್ಲಿರುವುದು ಅದೇ ಹಿಟ್ಟು, ಅದೇ ಬಣ್ಣ. ಆದರೂ ನಾಲ್ಕನೆಯ ಮಳೆಗಾಲದ ದಿನ ಅದು ಆಕೆಯ ದೃಷ್ಟಿಯಲ್ಲಿ ಬೇರೆ ವಸ್ತು. ತೇವ ಮತ್ತು ಕಾಲ ಕೂಡಿದಾಗ ವಸ್ತುವಿನಲ್ಲಿ ಕಣ್ಣಿಗೆ ಕಾಣದ ಬದಲಾವಣೆಯಾಗುತ್ತದೆ ಎಂಬ ತಿಳಿವಳಿಕೆಯ ಮೇಲೆ ಆ ಮರ್ಯಾದೆ ನಿಂತಿದೆ. ಅಡುಗೆಮನೆಯಲ್ಲಿ ಮರ್ಯಾದೆಯನ್ನು ಪಾಲಿಸುವ ಕುಟುಂಬವು ಗೋದಾಮಿನಲ್ಲಿ ಅದನ್ನು ಮರೆತರೆ ಧರ್ಮವು ಅರ್ಧ ಮನೆಯಲ್ಲಿ ಮಾತ್ರ ವಾಸ ಮಾಡಿದಂತಾಗುತ್ತದೆ.

ಹೆಸರನ್ನು ಬದಲಿಸಿದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಕರಣವು ಸಾಕ್ಷಿಯಾಗಿದೆ. 2019ರ ಜನವರಿ 3ರಂದು, ಕೊಲಂಬೊದಿಂದ ಸೂಯೆಜ್ ಕಾಲುವೆಯ ಮೂಲಕ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಸಾಗುತ್ತಿದ್ದ ಯಾಂಟಿಯಾನ್ ಎಕ್ಸ್‌ಪ್ರೆಸ್ ಎಂಬ ಹಡಗಿನಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ ಬೆಂಕಿ ಕಾಣಿಸಿಕೊಂಡಿತು. ಒಂದು ಕಂಟೇನರಿನಿಂದ ಬೆಂಕಿ ಇತರ ಕಂಟೇನರುಗಳಿಗೆ ಹಬ್ಬಿತು. ಹಡಗಿನಲ್ಲಿ 23 ಮಂದಿ ನಾವಿಕರಿದ್ದರು. ಬೆಂಕಿಯೊಡನೆ ಹೋರಾಡಿ, ಹಡಗನ್ನು ತೊರೆದು ರಕ್ಷಣಾ ನೌಕೆಯನ್ನೇರಿ, ಅವರೆಲ್ಲರೂ ಪ್ರಾಣದೊಡನೆ ಪಾರಾದರು. ಹಡಗನ್ನು ಕೊನೆಗೆ ಬಹಾಮಾಸ್ ದ್ವೀಪಗಳ ಫ್ರೀಪೋರ್ಟ್ ಬಂದರಿಗೆ ಒಯ್ಯಲಾಯಿತು. ಬೆಂಕಿಯು ತೆಂಗಿನ ಇದ್ದಿಲು ತುಂಬಿದ ಒಂದು ಕಂಟೇನರಿನಲ್ಲಿ ಹುಟ್ಟಿರುವ ಸಾಧ್ಯತೆ ಹೆಚ್ಚು ಎಂದು ಜರ್ಮನಿಯ ತನಿಖಾ ಸಂಸ್ಥೆಯು ಕಂಡುಕೊಂಡಿತು. ಆ ಸರಕನ್ನು ಕಾಗದದಲ್ಲಿ ತೆಂಗಿನ ಉಂಡೆಗಳೆಂದು ಬರೆಯಲಾಗಿತ್ತು. ಇದ್ದಿಲು ಎಂಬ ಒಂದು ಪದ ಮಾತ್ರ ಬಿಟ್ಟುಹೋಗಿತ್ತು.

ಈ ಪ್ರಕರಣವು ಒಂಟಿಯಲ್ಲ. 2015ರ ಜನವರಿಯಿಂದ 2022ರ ಡಿಸೆಂಬರಿನವರೆಗೆ ಕಂಟೇನರುಗಳಲ್ಲಿ ಸಾಗಿಸಿದ ಇದ್ದಿಲಿನಿಂದ ಕನಿಷ್ಠ 68 ಬೆಂಕಿ ಪ್ರಕರಣಗಳು ಸಂಭವಿಸಿದುವೆಂದು ಹಡಗು ಸಂಸ್ಥೆಗಳ ಒಕ್ಕೂಟವೊಂದು ದಾಖಲಿಸಿದೆ. ಹಿಂದೆ ಒಂದು ಪರೀಕ್ಷೆಯಲ್ಲಿ ಇದ್ದಿಲಿನ ಮಾದರಿಯು ತೇರ್ಗಡೆಯಾದರೆ ಅದನ್ನು ಅಪಾಯಕಾರಿ ವರ್ಗದಿಂದ ಬಿಡುವ ಅವಕಾಶವಿತ್ತು. ಬೆಂಕಿಗಳು ನಿಲ್ಲದಿದ್ದುದರಿಂದ ಆ ಅವಕಾಶವನ್ನು ತೆಗೆದುಹಾಕಿ, ಸಮುದ್ರಮಾರ್ಗದಲ್ಲಿ ಹೋಗುವ ಇದ್ದಿಲೆಲ್ಲವೂ 4.2ನೆಯ ವರ್ಗದ್ದೆಂದೇ ಘೋಷಿತವಾಗಬೇಕೆಂಬ ನಿಯಮವನ್ನು 2026ರ ಜನವರಿ 1ರಿಂದ ಕಡ್ಡಾಯಗೊಳಿಸಲಾಯಿತು. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣಗಳ ತೆಂಗಿನ ಸೀಮೆಗೂ ಈ ಮಾತು ದೂರದ್ದಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ನಿಂತು ನೋಡಿದವರಿಗೆ ಸುತ್ತಲೂ ಕಾಣುವುದು ತೆಂಗಿನ ತೋಟಗಳೇ. ಆ ಸೀಮೆಯ ಕರಟಕ್ಕೂ ಇದೇ ಸ್ವಭಾವ, ಇದೇ ನಿಯಮ.

ಇನ್ನು ಶಾಸ್ತ್ರವಿಚಾರಕ್ಕೆ ಬರಬಹುದು. ಗೃಹಸ್ಥನ ವ್ರತಗಳಿಗೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದೈದು ಅತಿಚಾರಗಳನ್ನು ಎಣಿಸಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಎಂದರೆ ಸುಳ್ಳು ಬರಹ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು; ಎಂದರೆ ತೂಕ ಅಳತೆಗಳಲ್ಲಿ ಮೋಸ. ಪ್ರತಿರೂಪಕವ್ಯವಹಾರ ಇನ್ನೊಂದು, ಎಂದರೆ ಒಂದು ವಸ್ತುವನ್ನು ಇನ್ನೊಂದರಂತೆ ತೋರಿಸಿ ನಡೆಸುವ ವ್ಯವಹಾರ. ವಿರುದ್ಧರಾಜ್ಯಾತಿಕ್ರಮ ಮತ್ತೊಂದು, ಎಂದರೆ ರಾಜ್ಯದ ನಿಯಮವನ್ನು ಮೀರಿ ನಡೆಸುವ ವ್ಯಾಪಾರ. ಸಾಗಣೆ ನಮೂನೆಯ ಮೂರು ಖಾಲಿ ಸ್ಥಳಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಆಚಾರ್ಯರು ವರ್ತಕರ ಅಂಗಡಿಯನ್ನು ಎಷ್ಟು ಹತ್ತಿರದಿಂದ ಬಲ್ಲವರಾಗಿದ್ದರೆಂಬುದು ತಿಳಿಯುತ್ತದೆ. ಒಂದು ತಪ್ಪು ಹೆಸರು ಏಕಕಾಲದಲ್ಲಿ ನಾಲ್ಕು ಅತಿಚಾರಗಳನ್ನು ಮುಟ್ಟಬಲ್ಲದು.

ಆದರೂ ವ್ಯಾಪಾರಿಯ ಮನಸ್ಸು ಹಲವು ಸಮಾಧಾನಗಳನ್ನು ಹುಡುಕುತ್ತದೆ. ಅವುಗಳನ್ನು ತಿರಸ್ಕರಿಸದೆ ಒಂದೊಂದಾಗಿ ಪರಿಶೀಲಿಸುವುದು ಯುಕ್ತ.

ಮೊದಲನೆಯ ಸಮಾಧಾನ: ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯವಲ್ಲವೇ? ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯು ನಾಲ್ಕು ವಿಧ. ಅವುಗಳಲ್ಲಿ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ತ್ಯಜಿಸುತ್ತಾನೆ. ಉಳಿದವುಗಳನ್ನು ಶಕ್ತ್ಯನುಸಾರ ತಗ್ಗಿಸುತ್ತಾನೆ. ಗಾಣ ತಿರುಗಿದಾಗ, ಬಂಡಿ ಉರುಳಿದಾಗ ಆಗುವ ಹಿಂಸೆ ಉದ್ಯೋಗದೊಡನೆ ಹುಟ್ಟಿದ್ದು; ಆ ಉದ್ಯೋಗ ನಡೆಯುವಷ್ಟು ಕಾಲ ಅದನ್ನು ಪೂರ್ತಿಯಾಗಿ ಬೇರ್ಪಡಿಸಲಾಗದು. ತಪ್ಪು ಹೆಸರು ಹಾಗಲ್ಲ. ಸರಿಯಾದ ಹೆಸರನ್ನು ಬರೆದರೂ ಹಿಂಡಿಯ ವ್ಯಾಪಾರ ನಡೆಯುತ್ತದೆ. ಲಾಭ ಮಾತ್ರ ಕಡಿಮೆಯಾಗುತ್ತದೆ. ಬಿಟ್ಟರೂ ಉದ್ಯೋಗ ಉಳಿಯುವಂತಹ ಹಿಂಸೆಗೆ ಉದ್ಯೋಗದ ಆಶ್ರಯ ದೊರೆಯಲಾರದು. ಬೆಂಕಿಯು ವ್ಯಾಪಾರಿಯ ಸಂಕಲ್ಪವಲ್ಲ, ನಿಜ. ಆದರೆ ಮರೆಮಾಚುವುದು ಅವನ ಸಂಕಲ್ಪವೇ. ಇದ್ದಿಲು ತನ್ನ ಸ್ವಭಾವದಿಂದ ಬಿಸಿಯಾಗುತ್ತದೆ. ಆ ಬಿಸಿಯನ್ನು ಕಾಯಬೇಕಾದವರ ಕಣ್ಣಿಗೆ ಬಟ್ಟೆ ಕಟ್ಟುವುದು ಮನುಷ್ಯನ ಕೃತ್ಯ.

ಈ ಸಂದರ್ಭದಲ್ಲಿ ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಶ್ರಾವಕನು ಬಿಡಬೇಕಾದ ಹದಿನೈದು ಜೀವನೋಪಾಯಗಳ ಪಟ್ಟಿಯಲ್ಲಿ ಅಂಗಾರಕರ್ಮ, ಯಂತ್ರಪೀಡನಕರ್ಮಗಳು ಸೇರಿವೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಅವುಗಳನ್ನು ವಿವರಿಸಿದೆ. ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ಇಂತಹ ಖರಕರ್ಮಗಳ ವಿಚಾರವನ್ನು ಎತ್ತಿಕೊಂಡಿದೆ. ಇದ್ದಿಲನ್ನು ಸುಡುವುದೂ, ಯಂತ್ರದಿಂದ ಬೀಜವನ್ನು ಹಿಂಡುವುದೂ ಆ ಪಟ್ಟಿಯೊಳಗಿನವೇ. ಅವುಗಳನ್ನು ಬಿಡಬಲ್ಲವರು ಬಿಡುವುದು ಶ್ರೇಷ್ಠ. ತಲೆಮಾರುಗಳಿಂದ ಎಣ್ಣೆ, ಕಾಳು, ಕೊಬ್ಬರಿಗಳ ವ್ಯಾಪಾರದಲ್ಲಿರುವ ಕುಟುಂಬಗಳಿಗೆ ಅದು ಸುಲಭವಲ್ಲ. ಆದರೆ ಪೂರ್ಣ ತ್ಯಾಗ ಸಾಧ್ಯವಾಗದವನಿಗೆ ಅಪೂರ್ಣ ಪಾಲನೆಯೂ ಬೇಡವೆಂಬ ನಿರ್ಣಯ ಶಾಸ್ತ್ರಸಮ್ಮತವಲ್ಲ. ಅಣುವ್ರತವೆಂಬ ಹೆಸರೇ ಅಳತೆಗೆ ತಕ್ಕ ಪಾಲನೆಯನ್ನು ಸೂಚಿಸುತ್ತದೆ. ಕಠಿಣ ವ್ಯಾಪಾರದಲ್ಲಿರುವವನಿಗೆ ಹೆಚ್ಚಿನ ಎಚ್ಚರ ಬೇಕು.

ಎರಡನೆಯ ಸಮಾಧಾನ: ಕಾಗದವನ್ನು ಬರೆಯುವವನು ದಲ್ಲಾಳಿ, ವ್ಯಾಪಾರಿಯು ಸರಕನ್ನು ಮಾತ್ರ ಕೊಟ್ಟಿದ್ದಾನೆ. ಇದಕ್ಕೆ ಕೃತ, ಕಾರಿತ, ಅನುಮೋದನ ಎಂಬ ಮೂರು ಪದಗಳೇ ಉತ್ತರ. ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು: ಮೂರರಿಂದಲೂ ಕರ್ಮದ ಆಸ್ರವವಾಗುತ್ತದೆ. ಸರಕು ಹೇಗಾದರೂ ಈ ವಾರವೇ ಹೊರಡಲಿ, ದರ ಮಾತ್ರ ಏರಬಾರದು ಎಂದು ದೂರವಾಣಿಯಲ್ಲಿ ಹೇಳಿದವನು ಸುಳ್ಳನ್ನು ಬರೆಯಲಿಲ್ಲ, ನಿಜ. ಬರೆಯಲು ಜಾಗ ಮಾಡಿಕೊಟ್ಟನು. ಸಹಿ ಬೇರೆಯವರದಾದ ಮಾತ್ರಕ್ಕೆ ಅನುಮೋದನವು ಅಳಿಸಿಹೋಗುವುದಿಲ್ಲ.

ಮೂರನೆಯ ಸಮಾಧಾನ: ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬೆಂಕಿ ಹತ್ತಿಲ್ಲ. ಹಿಂಸೆಗೆ ಉಮಾಸ್ವಾಮಿಗಳು ಕೊಟ್ಟ ಲಕ್ಷಣದಲ್ಲಿ ಪ್ರಮತ್ತಯೋಗವೇ ಮೂಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ತತ್ತ್ವವನ್ನು ಎರಡೂ ಕಡೆಗೆ ಬೆಳೆಸಿದ್ದಾರೆ. ಎಚ್ಚರದಿಂದ ನಡೆಯುವವನ ಕಾಲಿಗೆ ತಿಳಿಯದೆ ಜೀವವೊಂದು ಸಿಕ್ಕಿದರೂ ಅವನು ಹಿಂಸಕನಲ್ಲ; ಎಚ್ಚರವಿಲ್ಲದೆ ನಡೆಯುವವನು ಯಾವ ಜೀವವೂ ಸಾಯದಿದ್ದರೂ ಹಿಂಸಕನೇ. ಈ ಮಾತು ವ್ಯಾಪಾರಿಗೆ ಭಯವನ್ನೂ ಧೈರ್ಯವನ್ನೂ ಒಟ್ಟಿಗೆ ಕೊಡುತ್ತದೆ. ಸರಕನ್ನು ಪರೀಕ್ಷಿಸಿ, ಒಣಗಿಸಿ, ನಿಜವಾದ ಹೆಸರಿನಿಂದ ಕಳುಹಿಸಿದವನಿಗೆ ದೈವವಶಾತ್ ಅವಘಡವಾದರೂ ಆತ್ಮದ ಮೇಲೆ ಆ ಭಾರವಿಲ್ಲ. ಪರೀಕ್ಷಿಸದೆ ಕಳುಹಿಸಿದವನ ನೂರು ಸರಕುಗಳು ಸುಖವಾಗಿ ತಲಪಿದರೂ ನೂರು ಸಲವೂ ಅವನು ಹಿಂಸೆಯನ್ನು ಕಳುಹಿಸಿದ್ದಾನೆ. ಹಳೆಯ ರಾಶಿಯ ಪ್ರಮಾಣಪತ್ರವನ್ನು ಹೊಸ ರಾಶಿಗೆ ಅಂಟಿಸುವುದು, ಚೆನ್ನಾಗಿ ಒಣಗಿದ ಚೀಲದಿಂದಲೇ ಆರಿಸಿ ಮಾದರಿ ತೆಗೆಯುವುದು, ಇವೂ ಕೂಟಲೇಖಕ್ರಿಯೆಯ ರೂಪಗಳೇ.

ನಾಲ್ಕನೆಯ ಸಮಾಧಾನವು ಎಲ್ಲಕ್ಕಿಂತ ಕಠಿಣವಾದದ್ದು. ಪಕ್ಕದ ವ್ಯಾಪಾರಿಯು ಹೆಸರು ಬದಲಿಸಿ ಕಡಿಮೆ ದರಕ್ಕೆ ಕಳುಹಿಸುತ್ತಾನೆ. ಸತ್ಯ ಬರೆದವನ ಗಿರಾಕಿ ಅವನ ಬಳಿಗೆ ಹೋಗುತ್ತಾನೆ. ಸತ್ಯವು ಕೊನೆಗೆ ಲಾಭವನ್ನೇ ತರುತ್ತದೆ ಎಂಬ ಸಿಹಿಮಾತು ಇಲ್ಲಿ ಸಲ್ಲದು. ಹಲವು ಸಲ ಸತ್ಯವು ನಷ್ಟವನ್ನೇ ತರುತ್ತದೆ. ಗಿರಾಕಿ ಮರಳಿ ಬರುವುದೇ ಇಲ್ಲ. ಆ ನಷ್ಟವನ್ನು ತಾಳಿಕೊಳ್ಳಲೆಂದೇ ಪರಿಗ್ರಹ ಪರಿಮಾಣವ್ರತವಿದೆ. ತನ್ನ ಸಂಪತ್ತಿಗೆ ತಾನೇ ಮಿತಿಯನ್ನು ಹಾಕಿಕೊಂಡವನಿಗೆ ಪ್ರತಿಯೊಂದು ಗಿರಾಕಿಯನ್ನೂ ಗೆಲ್ಲಲೇಬೇಕೆಂಬ ನಿರ್ಬಂಧವಿರುವುದಿಲ್ಲ. ಐದು ಅಣುವ್ರತಗಳು ಪರಸ್ಪರ ಆತುಕೊಂಡಿರುವ ರೀತಿ ಇದು: ಐದನೆಯದು ಸಡಿಲವಾದರೆ ಎರಡನೆಯದು ನಿಲ್ಲುವುದಿಲ್ಲ, ಎರಡನೆಯದು ಬಿದ್ದರೆ ಮೊದಲನೆಯದೂ ಬೀಳುತ್ತದೆ.

ಪಕ್ಕದವನ ವಿಷಯದಲ್ಲಿ ಇನ್ನೂ ಒಂದು ಸತ್ಯವಿದೆ. ಹೆಸರು ಬದಲಿಸಿದವನು ಬೆಂಕಿ ಹತ್ತದಿದ್ದರೂ ಕದ್ದಿದ್ದಾನೆ. ಬಾಡಿಗೆಯ ವ್ಯತ್ಯಾಸವನ್ನು ಹಡಗಿನವರಿಂದ ಕದ್ದನು. ವಿಶ್ವಾಸವನ್ನು ಇತರ ವ್ಯಾಪಾರಿಗಳಿಂದ ಕದ್ದನು. ಕಾಗದದ ಹೆಸರನ್ನು ನಂಬಲಾಗದ ಸ್ಥಿತಿ ಬಂದಾಗ ನಿಯಮವು ಎಲ್ಲರ ಮೇಲೂ ಬಿಗಿಯಾಗುತ್ತದೆ. ಪ್ರಾಮಾಣಿಕನು ಅಪ್ರಾಮಾಣಿಕನ ಪಾಲಿನ ವೆಚ್ಚವನ್ನು ತೆರುತ್ತಾನೆ. ರೈಲಿನಲ್ಲಿಯೂ ಪ್ರತಿ ಸರಕಿಗೆ ದರದ ವರ್ಗವಿದೆ. ಸುಳ್ಳು ವಿವರಣೆ ಕೊಟ್ಟವನಿಗೆ 1989ರ ರೈಲ್ವೆ ಅಧಿನಿಯಮವು ದಂಡವನ್ನು ವಿಧಿಸುತ್ತದೆ. ದಂಡವು ಸಿಕ್ಕಿಬಿದ್ದವನಿಗೆ ಮಾತ್ರ ತಟ್ಟುತ್ತದೆ. ಅತಿಚಾರವು ಸಿಕ್ಕದವನಿಗೂ ತಟ್ಟುತ್ತದೆ.

ಹೆಸರಿನ ವಿಚಾರ ಇಷ್ಟಾದರೆ ಹೊದಿಕೆಯ ವಿಚಾರವೂ ಅಷ್ಟೇ ಮಹತ್ತ್ವದ್ದು. ಇದ್ದಿಲಿನ ಹೊಸ ನಿಯಮವು ಹೇಳುವುದನ್ನು ಗಮನಿಸಬೇಕು: ತಯಾರಾದ ಮೇಲೆ ಕನಿಷ್ಠ 14 ದಿನ ಅದನ್ನು ಗಾಳಿಗೆ ಹದಗೊಳಿಸಬೇಕು, ತುಂಬುವ ದಿನ ಅದರ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ನ್ನು ಮೀರಿರಬಾರದು, ಕಂಟೇನರಿನ ಛಾವಣಿಗೂ ಸರಕಿಗೂ ನಡುವೆ 30 ಸೆಂಟಿಮೀಟರ್ ಅವಕಾಶ ಬಿಡಬೇಕು. ಕಾಯುವುದು, ತಣಿಸುವುದು, ಜಾಗ ಬಿಡುವುದು: ಮೂರೂ ಸಂಯಮದ ಕೆಲಸಗಳು. ತುಂಬಬಹುದಾದ ಜಾಗವನ್ನು ತುಂಬದೆ ಬಿಡುವುದು ಲೆಕ್ಕದ ಪುಸ್ತಕದಲ್ಲಿ ನಷ್ಟವೆಂದು ಕಾಣುತ್ತದೆ. ಆ 30 ಸೆಂಟಿಮೀಟರ್ ಖಾಲಿ ಜಾಗದಲ್ಲಿ ಶಾಖವು ಹೊರಬೀಳುತ್ತದೆ. ಲೋಭಕ್ಕೂ ಅದೇ ಗಡಿಯಾಗಿ ನಿಲ್ಲುತ್ತದೆ.

ಭಾರದ ವಿಷಯದಲ್ಲಿ ಶಾಸ್ತ್ರವು ಇನ್ನೂ ನೇರವಾಗಿ ಮಾತನಾಡುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಸೇರಿದೆ. ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಅಹಿಂಸೆಯ ಅತಿಚಾರಗಳಲ್ಲಿ ಹೇಳಿದುದಲ್ಲದೆ, ಅತಿಭಾರವಹನವನ್ನು ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿಯೂ ಎಣಿಸಿದ್ದಾರೆ. ಒಂದೇ ದೋಷಕ್ಕೆ ಕ್ರೌರ್ಯ, ಲೋಭ ಎಂಬ ಎರಡು ಮುಖಗಳಿರುವುದನ್ನು ಅವರು ಕಂಡಿದ್ದರು. ಅಂದು ಆ ಮಾತು ಎತ್ತು ಕತ್ತೆಗಳ ಬೆನ್ನನ್ನು ನೆನೆದು ಹೇಳಿದ್ದಿರಬಹುದು. ಇಂದು ಮಂಡಿಯಲ್ಲಿ ಮೂಟೆ ಹೊರುವ ಹಮಾಲನ ಬೆನ್ನಿಗೂ ಅದು ಸಲ್ಲುತ್ತದೆ. ಒಬ್ಬ ಪುರುಷ ಕಾರ್ಮಿಕನು ಕೈಯಿಂದ ಎತ್ತಿ ಒಯ್ಯುವ ಭಾರವು 55 ಕಿಲೋಗ್ರಾಮನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ಶಿಫಾರಸು ಮಾಡಿತು. ಚೀಲಗಳ ಸಂಖ್ಯೆ ತಗ್ಗಿದರೆ ಗೋಣಿಯ ಖರ್ಚು ಉಳಿಯುತ್ತದೆ ಎಂಬ ಲೆಕ್ಕದಲ್ಲಿ ತೌಡನ್ನು ಒತ್ತಿ ಒತ್ತಿ ತುಂಬಿದ ಮೂಟೆಯ ಉಳಿತಾಯವನ್ನು ಯಾರದೋ ಸೊಂಟವು ತೆರುತ್ತದೆ.

ಕಂಟೇನರಿನ ತೂಕವೂ ಹಾಗೆಯೇ. 2007ರ ಜನವರಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಒಡಲು ಸೀಳಿದ ಎಂಎಸ್‌ಸಿ ನಾಪೋಲಿ ಎಂಬ ಹಡಗಿನ ಕಂಟೇನರುಗಳನ್ನು ಮರುತೂಗಿದಾಗ, ಅವುಗಳಲ್ಲಿ ಸುಮಾರು ಐದರಲ್ಲೊಂದು ಪಾಲಿನ ನಿಜವಾದ ತೂಕಕ್ಕೂ ಘೋಷಿತ ತೂಕಕ್ಕೂ 3 ಟನ್ನುಗಳಿಗಿಂತ ಹೆಚ್ಚಿನ ಅಂತರವಿತ್ತು. ತುಂಬಿದ ಪ್ರತಿಯೊಂದು ಕಂಟೇನರನ್ನೂ ತೂಗಿ ದೃಢೀಕರಿಸಬೇಕೆಂಬ ನಿಯಮವು 2016ರ ಜುಲೈ 1ರಿಂದ ಜಾರಿಗೆ ಬಂದಿತು. ಹೀನಾಧಿಕಮಾನೋನ್ಮಾನವನ್ನು ಬಿಟ್ಟ ಶ್ರಾವಕನಿಗೆ ಆ ನಿಯಮವು ಹೊಸ ಹೊರೆಯಾಗಬಾರದು.

ಹೊದಿಕೆಯ ಕೊನೆಯ ಪ್ರಶ್ನೆಯು ಜೈನರಿಗೆ ವಿಶೇಷವಾದದ್ದು. ತೇವವಿರುವ ತೌಡಿನಲ್ಲಿ, ಹಿಂಡಿಯಲ್ಲಿ ಕೀಟಗಳು ಬೆಳೆಯುತ್ತವೆ. ಹಡಗನ್ನೇರುವ ಮೊದಲು ಅವನ್ನು ವಿಷಾನಿಲದಿಂದ ಕೊಲ್ಲುವುದು ವಾಡಿಕೆ. ತ್ರಸಜೀವಿಗಳ ಈ ವಧೆಯನ್ನು ಕಂಡು ಕೆಲವು ಶ್ರಾವಕರು ಅಂತಹ ಸರಕಿನ ವ್ಯಾಪಾರವನ್ನೇ ಬಿಡಬಹುದು, ಅದು ಸ್ತುತ್ಯ. ಬಿಡದವರಿಗೆ ಅಡುಗೆಮನೆಯ ಮರ್ಯಾದೆಯೇ ಮಾರ್ಗದರ್ಶಿ: ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ಹುಟ್ಟಲು ಅವಕಾಶ ಕೊಡದಿರುವುದು ಮೇಲು. ಚೆನ್ನಾಗಿ ಒಣಗಿಸಿ, ಗೋದಾಮನ್ನು ಶುಚಿಯಾಗಿಟ್ಟು, ತೇವ ಒಳನುಸುಳದ ಹೊಸ ಚೀಲದಲ್ಲಿ ತುಂಬಿ, ತಡಮಾಡದೆ ಕಳುಹಿಸಿದರೆ ಜೀವೋತ್ಪತ್ತಿ ಬಹುಮಟ್ಟಿಗೆ ತಪ್ಪುತ್ತದೆ. ಹಿಂಡಿಯಲ್ಲಿ ಕೀಟವನ್ನು ತಡೆಯುವ ಶುಷ್ಕತೆಯೇ ಅದರ ಬೆಂಕಿಯನ್ನೂ ಬಹುಮಟ್ಟಿಗೆ ತಡೆಯುತ್ತದೆ ಎಂಬುದು ಗಮನಾರ್ಹ. ಮೂಟೆಗಳ ಕೆಳಗಿಡುವ ಹಸಿಮರದ ಹಲಗೆಗಳಿಗೆ, ಅವುಗಳೊಳಗಿನ ಹುಳುಗಳನ್ನು ಕೊಲ್ಲಲು, ಶಾಖದ ಅಥವಾ ವಿಷಾನಿಲದ ಉಪಚಾರ ಆಗಲೇಬೇಕೆಂಬ ಅಂತರರಾಷ್ಟ್ರೀಯ ಮಾನದಂಡ 2002ರಿಂದ ಇದೆ. ಪ್ಲೈವುಡ್ಡಿನ ಅಥವಾ ಪ್ಲಾಸ್ಟಿಕ್ಕಿನ ಹಲಗೆಗಳಿಗೆ ಆ ಉಪಚಾರ ಬೇಕಿಲ್ಲ. ಸ್ವಲ್ಪ ಹೆಚ್ಚು ಬೆಲೆ ಕೊಟ್ಟು ಅವನ್ನು ಆರಿಸಿಕೊಳ್ಳುವುದರಲ್ಲಿ ಅಹಿಂಸೆಯಿದೆ.

ವಿಷಾನಿಲ ಹಾಕಿದ ಕಂಟೇನರಿನ ಬಾಗಿಲಿನ ಮೇಲೆ ಎಚ್ಚರಿಕೆಯ ಗುರುತು, ಅನಿಲದ ಹೆಸರು, ಹಾಕಿದ ದಿನ ಮತ್ತು ವೇಳೆ ಇರಲೇಬೇಕು. ಆ ಗುರುತಿಲ್ಲದ ಕಂಟೇನರನ್ನು ದೂರದ ಬಂದರಿನ ಕೂಲಿಯವನೊಬ್ಬನು ತೆರೆದು ಒಳಗೆ ಕಾಲಿಟ್ಟರೆ ಅವನ ಉಸಿರೇ ನಿಲ್ಲಬಹುದು. ಅವನ ಭಾಷೆ ಬೇರೆ, ದೇಶ ಬೇರೆ. ಕಳುಹಿಸಿದವನ ಮುಖವನ್ನು ಅವನು ಎಂದೂ ನೋಡಲಾರ. ಇಬ್ಬರ ನಡುವೆ ಇರುವ ಏಕೈಕ ಸಂಬಂಧ ಆ ಬಾಗಿಲಿನ ಮೇಲಿನ ಬರಹ. ಸತ್ಯಾಣುವ್ರತವು ಅಹಿಂಸಾಣುವ್ರತಕ್ಕೆ ಬೇಲಿಯೆಂದು ಶಾಸ್ತ್ರಜ್ಞರು ವಿವರಿಸುವುದರ ಅರ್ಥ ಇಲ್ಲಿ ಕಣ್ಣಿಗೆ ಕಾಣುತ್ತದೆ. ಆ ಬರಹವು ಸುಳ್ಳಾದರೆ ಆ ಕೂಲಿಯವನಿಗೂ ಸಾವಿಗೂ ನಡುವೆ ಇದ್ದ ಬೇಲಿ ಕಿತ್ತುಹೋಗುತ್ತದೆ.

ಈ ವಿಚಾರದಲ್ಲಿ ಬಸದಿಗಳ ಆಡಳಿತ ಸಮಿತಿಗಳಿಗೂ ಪಾತ್ರವಿದೆ. ತೋಟ ಗದ್ದೆಗಳನ್ನುಳ್ಳ ಬಸದಿಗಳ ಕಾಯಿ, ಕರಟ, ಹೊಟ್ಟುಗಳು ಹರಾಜಿನಲ್ಲಿ ಮಾರಾಟವಾಗುತ್ತವೆ. ಹರಾಜಿನ ಷರತ್ತುಗಳಲ್ಲಿ ಸರಕನ್ನು ನಿಜವಾದ ಹೆಸರಿನಿಂದಲೂ ಸರಿಯಾದ ತೂಕದಿಂದಲೂ ಸಾಗಿಸಬೇಕೆಂಬ ಒಂದು ವಾಕ್ಯವನ್ನು ಸೇರಿಸುವುದಕ್ಕೆ ಖರ್ಚಿಲ್ಲ. ಮೂಟೆಯ ತೂಕವನ್ನು ಮಿತಿಗೊಳಿಸುವುದಕ್ಕೂ ಹೆಚ್ಚಿನ ಖರ್ಚಿಲ್ಲ. ಪರ್ಯೂಷಣದ ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನದ ಪ್ರವಚನದಲ್ಲಿ ಹರಿಶ್ಚಂದ್ರನ ಕಥೆಯೊಡನೆ ಸಾಗಣೆಯ ಕಾಗದವೂ ವಿಚಾರಕ್ಕೆ ಬರಬಹುದು. ಸತ್ಯ ಬರೆದು ಗಿರಾಕಿಯನ್ನು ಕಳೆದುಕೊಂಡ ಸಣ್ಣ ವ್ಯಾಪಾರಿಯನ್ನು ಸಮಾಜವು ಗುರುತಿಸಿ ಅವನೊಡನೆ ವ್ಯವಹರಿಸುವುದೂ ಒಂದು ವಾತ್ಸಲ್ಯ. ವಾತ್ಸಲ್ಯವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ನ್ಯಾಯದಿಂದ ಗಳಿಸಿದ ಧನವೇ ದಾನಕ್ಕೆ ಯೋಗ್ಯವೆಂದು ಹೇಳುವ ಧರ್ಮವು, ಅಭಿಷೇಕದ ಕಲಶದ ಹಿಂದೆ ಯಾವ ಕಾಗದವಿದೆಯೆಂದು ಕೇಳುವ ಹಕ್ಕನ್ನೂ ಇಟ್ಟುಕೊಂಡಿದೆ.

ಸಾಮಾಯಿಕಕ್ಕೆ ಕುಳಿತ ಶ್ರಾವಕನು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸಕಲ ಜೀವಿಗಳ ಕ್ಷಮೆಯನ್ನು ಬೇಡುತ್ತಾನೆ. ಆ ಜೀವಿಗಳಲ್ಲಿ ಗೋದಾಮಿನ ಹಮಾಲನಿದ್ದಾನೆ, ನಡುಗಡಲಿನ ನಾವಿಕನಿದ್ದಾನೆ, ಆಚೆಯ ದಡದಲ್ಲಿ ಬಾಗಿಲು ತೆರೆಯುವ ಕೂಲಿಯವನಿದ್ದಾನೆ. ಅವರ ಹೆಸರುಗಳು ಶ್ರಾವಕನಿಗೆ ಗೊತ್ತಿಲ್ಲ. ಅವನು ಕಳುಹಿಸಿದ ಸರಕಿನ ಹೆಸರು ಅವರಿಗೆ ಗೊತ್ತಾಗಬೇಕು. ಅಷ್ಟನ್ನು ನಿಜವಾಗಿ ಬರೆದವನ ಕ್ಷಮಾಯಾಚನೆಗೆ ಅರ್ಥವಿರುತ್ತದೆ.